ಹಲಸಿನ ಮರದಲ್ಲಿ ರಾತ್ರಿ ಶಿಳ್ಳೆ ಹೊಡೆಯೋದು ಯಾರು?

ಪ್ರಶ್ನೆ: ಸರ್, ನಮ್ದು ಕೊಪ್ಪ ಹತ್ರ. ಮನೆ ಹಿಂದಿನ ಹಲಸಿನ ಮರದಿಂದ ಕತ್ತಲಾದ್ಮೇಲೆ ಶಿಳ್ಳೆ ಹೊಡೆದ ಹಾಗೆ ಸೌಂಡ್ ಬರ್ತಾನೇ ಇರತ್ತೆ, ಟಾರ್ಚ್ ಹಾಕಿ ನೋಡಿದ್ರೂ ಏನೂ ಕಾಣಲ್ಲ. ನಿನ್ನೆ ಜಗಲಿ ಗೋಡೆ ಮೇಲೆ ಥೇಟ್ ಹಸಿರು ಎಲೆ ತರದ್ದೊಂದು ಹುಳ ಕೂತಿತ್ತು, ಹಿಂದೆ ಕತ್ತಿ ತರ ಬಾಲ. ಶಿಳ್ಳೆ ಇದರದ್ದೇನಾ? ಚುಚ್ಚತ್ತಾ? ಮರಕ್ಕೆ ಔಷಧಿ ಹೊಡೀಬೇಕಾ?

ಉತ್ತರ: ಔಷಧಿ ಬೇಡವೇ ಬೇಡ, ಅಷ್ಟು ದೊಡ್ಡ ಮರಕ್ಕೆ ಇದ್ರಿಂದ ಏನೂ ಆಗಲ್ಲ. ನೀವು ಹೇಳಿದ್ದು ನೋಡಿದ್ರೆ ಇದು ಒನೊಮಾರ್ಕಸ್ ಜಾತಿಯ ಕೇಟಿಡಿಡ್ ಇರಬೇಕು, ಮಿಡತೆ ನೆಂಟ ಅಂದ್ಕೊಳ್ಳಿ, ಆದ್ರೆ ಮೀಸೆ ಮಾತ್ರ ಕೂದಲಿನಷ್ಟು ತೆಳ್ಳಗೆ, ತುಂಬಾ ಉದ್ದ. ಆ ಕತ್ತಿ ಮೊಟ್ಟೆ ಇಡೋ ಅಂಗ, ಚುಚ್ಚಲ್ಲ. ಅಂದ್ರೆ ನಿಮ್ಮ ಗೋಡೆ ಮೇಲಿದ್ದದ್ದು ಹೆಣ್ಣು, ಶಿಳ್ಳೆ ಅದರದ್ದಲ್ಲ!

ಶಿಳ್ಳೆ ಗಂಡಿಂದು. ಎಡ ರೆಕ್ಕೆಯ ಅಡಿಯಲ್ಲಿ ಗರಗಸದ ಹಲ್ಲಿನ ತರ ಒಂದು ಸಾಲು ಇರತ್ತೆ, ಅದನ್ನ ಬಲ ರೆಕ್ಕೆ ಅಂಚಿಗೆ ಉಜ್ಜಿ ಸೌಂಡ್ ಮಾಡತ್ತೆ. ಇದರ ನೆಂಟರಲ್ಲಿ ಎಷ್ಟೋ ಹುಳಗಳು ನಮ್ಮ ಕಿವಿಗೇ ಸಿಗದಷ್ಟು ಕೀಚಲಾಗಿ ಹಾಡ್ತವೆ, ಇದು ಮಾತ್ರ ಸುಮಾರು 3.2 ಕಿಲೋಹರ್ಟ್ಸ್, ಅಂದ್ರೆ ಸೆಕೆಂಡಿಗೆ 3,200 ಕಂಪನ, ಅದಕ್ಕೇ ನಿಮಗೆ ಶಿಳ್ಳೆ ತರ ಕೇಳ್ಸೋದು.

ಮಜಾ ಇರೋದು ಮುಂದೆ. ಕೇಟಿಡಿಡ್‌ಗಳಲ್ಲಿ ಸಾಮಾನ್ಯವಾಗಿ ಗಂಡು ಕೂತಲ್ಲೇ ಹಾಡತ್ತೆ, ಹೆಣ್ಣು ಹುಡುಕ್ಕೊಂಡು ಹೋಗತ್ತೆ. ನಮ್ಮ ಬೆಂಗಳೂರಿನ ಐಐಎಸ್‌ಸಿಯ ರೋಹಿಣಿ ಬಾಲಕೃಷ್ಣನ್ ತಂಡದವರು ಒನೊಮಾರ್ಕಸ್ ಯೂನಿನೋಟೇಟಸ್ ಅನ್ನೋದನ್ನ ಸ್ಟಡಿ ಮಾಡಿದಾಗ ನೋಡಿದ್ದು ಬೇರೇನೇ, ಗಂಡು ಒಂದ್ಸಲ ಕೂಗಿದ ತಕ್ಷಣ ಹೆಣ್ಣು ನಿಂತಲ್ಲೇ ಮೈ ಅದುರಿಸತ್ತೆ, ಆ ನಡುಕ ಕೊಂಬೆಯಲ್ಲಿ ಹರ್ಕೊಂಡು ಹೋಗಿ ಗಂಡಿನ ಕಾಲಿಗೆ ತಾಗತ್ತೆ, ಅದನ್ನ ಹಿಡ್ಕೊಂಡು ಗಂಡೇ ಹುಡುಕ್ಕೊಂಡು ಬರತ್ತೆ. ಸವಾಲ್-ಜವಾಬ್ ಅಂತಾರಲ್ಲ, ಹಾಗೆ, ಒಂದು ಗಾಳೀಲಿ, ಇನ್ನೊಂದು ಮರದೊಳಗೆ.

ಯಾಕೆ ಹೀಗೆ ಅಂದ್ರೆ ಬಾವಲಿ ಕಾಟ ಇರಬಹುದು ಅಂತಾರೆ. ಬಾವಲಿ ತಿಂದು ಬಿಸಾಕಿದ ಕೇಟಿಡಿಡ್ ರೆಕ್ಕೆಗಳನ್ನ ಆಯ್ದು ನೋಡಿದ್ರೆ ಹಾಡೋ ಗಂಡಿಗಿಂತ ಸುಮ್ಮನೆ ಓಡಾಡೋ ಹೆಣ್ಣುಗಳದ್ದೇ ಜಾಸ್ತಿ ಸಿಕ್ಕಿತ್ತು. ಎಲೆ ವೇಷ ಅಲುಗಾಡದೆ ಕೂತಾಗ ಮಾತ್ರ ಕೆಲಸಕ್ಕೆ ಬರೋದು ನೋಡಿ.

ಇನ್ನೊಂದ್ಸಲ ಗೋಡೆ ಮೇಲೆ ಕಂಡ್ರೆ ಕೈಯಲ್ಲಿ ಒತ್ತಿ ಹಿಡೀಬೇಡಿ, ಕಚ್ಚಬಹುದು. ಒಂದು ರಟ್ಟಿನ ಮೇಲೆ ಹತ್ತಿಸ್ಕೊಂಡು ಅದೇ ಹಲಸಿನ ಮರಕ್ಕೆ ಬಿಟ್ಬಿಡಿ, ಜಗಲಿ ಲೈಟ್ ಆಫ್ ಮಾಡಿ.