ಹಂಡೆ ನೀರು ಕಾಯುವಷ್ಟು ಹೊತ್ತು

ಈ ಸಲ ಕೊಡಗಿನ ಕಥೋಲಿಕರಿಂದ ಬಂದ ಪ್ರಶ್ನೆಗಳೆಲ್ಲ ದಿನನಿತ್ಯದ ಆತ್ಮಶೋಧನೆಯ, ಅಂದರೆ ಆ ದಿನದ ನಡೆನುಡಿಯನ್ನು ದೇವರ ಮುಂದೆ ಕುಳಿತು ಪರಿಶೀಲಿಸಿಕೊಳ್ಳುವ ಅಭ್ಯಾಸದ, ಸುತ್ತಲೇ ಇವೆ. ಒಂದಕ್ಕೊಂದು ಹೊಂದಿಕೊಂಡಿರುವುದರಿಂದ ಒಟ್ಟಿಗೆ ಉತ್ತರಿಸಿದ್ದೇವೆ.

ಸಿದ್ದಾಪುರ ಸಮೀಪದ ತೋಟವೊಂದರಲ್ಲಿ ರೈಟರ್ (ಲೆಕ್ಕ ಬರೆಯುವವನು) ಆಗಿದ್ದೇನೆ. ಬೆಳಿಗ್ಗೆ ಏಳೂವರೆಗೆ ಹಾಜರಿ. ರೊಬಸ್ಟಾ ಕೊಯ್ಲು ಶುರುವಾದರೆ ತೂಕ ಮುಗಿಸಿ ಲೆಕ್ಕ ಬರೆದು ಮನೆ ಸೇರುವಾಗ ಏಳು ದಾಟಿರುತ್ತದೆ. ಊಟ ಮಾಡಿ ಮಂಚದ ಮೇಲೆ ಕುಳಿತು ಆತ್ಮಶೋಧನೆ ಶುರು ಮಾಡಿದರೆ ಪರಲೋಕ ಮಂತ್ರ (ಯೇಸು ಕಲಿಸಿದ ಪ್ರಾರ್ಥನೆ) ಮುಗಿಯುವ ಮೊದಲೇ ನಿದ್ದೆ. ನಮ್ಮಂಥವರು ಏನು ಮಾಡಬೇಕು? — ರೈಟರ್, ಸಿದ್ದಾಪುರ

ಮೊದಲು ಮಂಚದಿಂದ ಇಳಿಯಿರಿ. ಮಲಗುವ ಮುನ್ನ ಎಂದು ಹಿರಿಯರು ಹೇಳಿದ್ದನ್ನು ನಾವು ಮಲಗುವ ಜಾಗದಲ್ಲಿ ಎಂದು ಅರ್ಥ ಮಾಡಿಕೊಂಡುಬಿಟ್ಟಿದ್ದೇವೆ. ಹೊಟ್ಟೆ ತುಂಬಿದೆ, ಬೆನ್ನು ಒರಗಿದೆ, ದೀಪ ಆರಿದೆ ಎಂದಮೇಲೆ ದೇಹ ನಿದ್ದೆ ಮಾಡದೆ ಇನ್ನೇನು ಮಾಡೀತು? ಅದು ಪಾಪವೂ ಅಲ್ಲ, ಭಕ್ತಿಯ ಕೊರತೆಯೂ ಅಲ್ಲ. ಆರಿಸಿಕೊಂಡ ಹೊತ್ತು ಸರಿಯಿಲ್ಲ, ಅಷ್ಟೆ.

‘ರಾತ್ರಿ ಒಂಬತ್ತಕ್ಕೆ’ ಎಂದು ಗಡಿಯಾರ ನೋಡಿ ಗೊತ್ತು ಮಾಡಿದ ಹೊತ್ತು ಕೊಯ್ಲಿನ ದಿನಗಳಲ್ಲಿ ನಿಲ್ಲುವುದಿಲ್ಲ. ದಿನವೂ ತಪ್ಪದ ಯಾವುದಾದರೂ ಕೆಲಸಕ್ಕೆ ಅದನ್ನು ಗಂಟು ಹಾಕಬೇಕು. ತೋಟದಿಂದ ಬಂದವರು ಸ್ನಾನ ಮಾಡದೆ ಊಟಕ್ಕೆ ಕೂರುವುದಿಲ್ಲವಲ್ಲ? ಹಂಡೆ ಒಲೆಗೆ ಸೌದೆ ತುಂಬಿದ ಮೇಲೆ ನೀರು ಕಾಯಲು ಸ್ವಲ್ಪ ಹೊತ್ತು ಬೇಕೇ ಬೇಕು. ಅದರಲ್ಲಿ ಹತ್ತು ನಿಮಿಷ ಒಲೆಯ ಪಕ್ಕ ಮಣೆ ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕುಳಿತರೆ ಸಾಕು. ಫೋನು ಮಾತ್ರ ಒಳಗೆ ಚಾರ್ಜಿಗಿರಲಿ. (ಗೀಸರ್ ಇರುವವರಿಗೆ ಈ ಅನುಕೂಲ ತಪ್ಪಿತು. ಅವರು ಸಂಜೆಯ ಕಾಫಿಗೋ, ದನಕ್ಕೆ ಹುಲ್ಲು ಹಾಕಿ ಬಂದು ಕೂರುವ ಹೊತ್ತಿಗೋ ಹೊಂದಿಸಿಕೊಳ್ಳಲಿ.)

ಆ ಹತ್ತು ನಿಮಿಷದ ಕ್ರಮ ಯೇಸುಸಭೆಯನ್ನು (ಜೆಸ್ವಿಟ್ ಸಂಘವನ್ನು) ಕಟ್ಟಿದ ಸಂತ ಲೊಯೋಲದ ಇಗ್ನೇಷಿಯಸರದು. 1548ರಲ್ಲಿ ಪೋಪ್ ಮೂರನೆಯ ಪೌಲರ ಒಪ್ಪಿಗೆ ಪಡೆದ ಅವರ ‘ಆಧ್ಯಾತ್ಮಿಕ ಸಾಧನೆಗಳು’ ಪುಸ್ತಕದಲ್ಲಿ ಐದು ಹೆಜ್ಜೆಗಳಿವೆ. ಮೊದಲು, ದೇವರಿಂದ ಪಡೆದದ್ದಕ್ಕೆ ಕೃತಜ್ಞತೆ. ಎರಡನೆಯದು, ನನ್ನ ಪಾಪ ನನಗೆ ಕಾಣುವಂತೆ, ಅದನ್ನು ಕಿತ್ತೆಸೆಯುವಂತೆ ಕೃಪೆ ಬೇಡುವುದು. ಮೂರನೆಯದು, ಎದ್ದ ಗಳಿಗೆಯಿಂದ ಈವರೆಗಿನ ಲೆಕ್ಕವನ್ನು ಆಲೋಚನೆ, ಮಾತು, ಕ್ರಿಯೆ ಎಂಬ ಸರದಿಯಲ್ಲಿ ನೋಡುವುದು. ನಾಲ್ಕನೆಯದು ಕ್ಷಮೆ ಕೇಳುವುದು. ಐದನೆಯದು ತಿದ್ದಿಕೊಳ್ಳುವ ನಿರ್ಧಾರ, ಕೊನೆಗೆ ಪರಲೋಕ ಮಂತ್ರ. ಹೊತ್ತನ್ನು ಹಂಚುವುದಾದರೆ ಕೃತಜ್ಞತೆಗೆ ಎರಡು ನಿಮಿಷ, ಕೃಪೆ ಬೇಡುವುದಕ್ಕೆ ಒಂದು, ಲೆಕ್ಕಕ್ಕೆ ನಾಲ್ಕು, ಕ್ಷಮೆಗೆ ಎರಡು, ನಾಳೆಗೆ ಒಂದು.

ಹೆಚ್ಚಿನವರು ಎಡವುವುದು ಮೊದಲೆರಡು ಹೆಜ್ಜೆ ಬಿಟ್ಟು ನೇರ ಮೂರನೆಯದಕ್ಕೆ ಹಾರಿದಾಗ. ಆಗ ಆತ್ಮಶೋಧನೆ ಪೊಲೀಸ್ ವಿಚಾರಣೆಯಾಗುತ್ತದೆ, ಇಲ್ಲವೇ ಮೇಸ್ತ್ರಿಯ ಮೇಲೆ, ಧಣಿಯ ಮೇಲೆ, ಹೆಂಡತಿಯ ಮೇಲೆ ದೂರು ಹೇಳುವ ಪಂಚಾಯಿತಿಯಾಗುತ್ತದೆ. ಕೃತಜ್ಞತೆಯನ್ನು ಮೊದಲು ಇಟ್ಟದ್ದು ಶಿಷ್ಟಾಚಾರಕ್ಕಲ್ಲ. ಸಿಕ್ಕಿದ್ದನ್ನು ಎಣಿಸಿದವನಿಗಷ್ಟೇ ತಾನು ಎಲ್ಲಿ ಕೈ ಬಿಗಿ ಹಿಡಿದೆ ಎಂಬುದು ಗೊತ್ತಾಗುತ್ತದೆ. ‘ಎಲ್ಲದಕ್ಕೂ ವಂದನೆ’ ಎಂದು ಒಂದೇ ಉಸಿರಿಗೆ ಮುಗಿಸಬೇಡಿ. ಮಧ್ಯಾಹ್ನ ಯಾರೋ ಹಂಚಿಕೊಂಡ ಕಡಂಬುಟ್ಟು, ದಾರಿಯಲ್ಲಿ ಆನೆ ಇದೆಯೆಂದು ತಡೆದು ನಿಲ್ಲಿಸಿದ ಜೀಪಿನವನು, ಹೀಗೆ ಆ ದಿನದ್ದೇ ಎರಡು ಮೂರು ಇರಲಿ.

ಮೂರನೆಯ ಹೆಜ್ಜೆಯಲ್ಲಿ ದಿನವನ್ನು ಜಾಗದಿಂದ ಜಾಗಕ್ಕೆ ನಡೆಯಿರಿ: ಹಾಜರಿ ಹಾಕುವ ಅಂಗಳ, ತೋಟ, ಕಣ, ಆಫೀಸು, ಮನೆಯ ದಾರಿ. ಇಡೀ ದಿನವನ್ನು ಒಮ್ಮೆಗೇ ನೆನೆದರೆ ಮಂಜಿನಲ್ಲಿ ನಿಂತ ಹಾಗೆ, ಏನೂ ಕಾಣದು. ಕಣದ ತೂಕವನ್ನೇ ತೆಗೆದುಕೊಳ್ಳಿ. ಸಾಲಿನಲ್ಲಿ ನಿಂತವಳ ಮೂಟೆ ತಕ್ಕಡಿಗೆ ಬಂತು. ಚೀಲದ ತೂಕವೆಂದು ಕಳೆದದ್ದೆಷ್ಟು, ಆ ಚೀಲ ನಿಜವಾಗಿ ತೂಗುವುದೆಷ್ಟು? ಎಲೆ, ಕಡ್ಡಿ, ಹಸಿರುಕಾಯಿ ಎಂದು ಇನ್ನೆರಡು ಕಿಲೋ ಹೊಡೆದಿರೋ? ಪಕ್ಕದ ಸಾಲಿನ ಪರಿಚಯದವನಿಗೂ ಹಾಗೇ ಹೊಡೆದಿರೋ? ಅವಳು ಕೇಳಿದಾಗ ಏನೆಂದು ಗದರಿದಿರಿ? ಮನಸ್ಸಿಗೆ ಬಂದದ್ದು, ನಾಲಿಗೆಗೆ ಬಂದದ್ದು, ಪುಸ್ತಕಕ್ಕೆ ಹತ್ತಿದ್ದು ಮೂರೂ ಇಲ್ಲೇ ಸಿಗುತ್ತವೆ. ಚರ್ಚಿನ ಪೂಜೆಯ ಆರಂಭದಲ್ಲಿ ಎದೆ ಬಡಿದುಕೊಂಡು ಹೇಳುವ ಕರ್ತವ್ಯಲೋಪವನ್ನೂ, ಅಂದರೆ ಮಾಡಬೇಕಾದದ್ದನ್ನು ಮಾಡದೆ ಬಿಟ್ಟದ್ದನ್ನೂ, ಮರೆಯಬೇಡಿ. ತಪ್ಪು ತೂಕ ಕಂಡೂ ಬಾಯಿ ಮುಚ್ಚಿಕೊಂಡಿದ್ದರೆ ಅದು ಆ ಲೆಕ್ಕಕ್ಕೆ ಸೇರುತ್ತದೆ.

ಇಂಥ ಕಡೆ ನಾಲ್ಕನೆಯ ಹೆಜ್ಜೆಗೆ ನಿಲ್ಲುವಂತಿಲ್ಲ. ಅನ್ಯಾಯವಾಗಿ ತೆಗೆದದ್ದನ್ನು ಅದು ಯಾರದೋ ಅವರಿಗೆ ಹಿಂತಿರುಗಿಸಲೇಬೇಕು ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶದ 2412ನೇ ಪರಿಚ್ಛೇದ ಹೇಳುತ್ತದೆ. ಆದ್ದರಿಂದ ಐದನೆಯ ಹೆಜ್ಜೆ ‘ನಾಳೆಯಿಂದ ನ್ಯಾಯವಾಗಿರುತ್ತೇನೆ’ ಎಂದಲ್ಲ, ‘ನಾಳೆ ಹಾಜರಿಗೆ ಮುಂಚೆ ಆ ಎರಡು ಕಿಲೋ ಅವಳ ಹೆಸರಿಗೆ ಸೇರಿಸುತ್ತೇನೆ’ ಎಂದಿರಬೇಕು. ತೂಕ ಹೊಡೆಯಲು ಹೇಳಿದ್ದು ಧಣಿಯೇ ಆಗಿದ್ದರೆ, ಈ ಉತ್ತರವನ್ನು ಅವರೂ ಓದಲಿ.

ಒಂದು ದಿನ ತಪ್ಪಿತೆಂದರೆ ಮರುದಿನ ಎರಡು ದಿನದ ಬಾಕಿ ತೀರಿಸಲು ಹೋಗಬೇಡಿ. ಬಾಕಿ ಬೆಳೆದಷ್ಟೂ ಬಿಟ್ಟುಬಿಡುವ ಮನಸ್ಸೇ ಗಟ್ಟಿಯಾಗುತ್ತದೆ. ಆ ದಿನದಿಂದ ಮತ್ತೆ ಶುರು ಮಾಡಿ.



ವರ್ಷಗಳಿಂದ ರಾತ್ರಿ ಅದೇ ಪಟ್ಟಿ: ಸಿಟ್ಟು ಮಾಡಿದೆ, ಸುಳ್ಳು ಹೇಳಿದೆ, ಸೋಮಾರಿತನ ಮಾಡಿದೆ. ಬದಲಾವಣೆ ಏನೂ ಇಲ್ಲ. — ಗೃಹಿಣಿ, ವಿರಾಜಪೇಟೆ

ಪಟ್ಟಿ ಉದ್ದವಾಗಿದೆ, ಹೆಸರುಗಳು ದೊಡ್ಡವಾಗಿವೆ. ಇಗ್ನೇಷಿಯಸರು ಇದಕ್ಕೆಂದೇ ಇನ್ನೊಂದು ಕ್ರಮ ಕೊಟ್ಟಿದ್ದಾರೆ: ಒಂದೇ ಒಂದು ದೋಷ ಹಿಡಿದು ದಿನಕ್ಕೆ ಮೂರು ಬಾರಿ ನೋಡುವುದು. ಬೆಳಿಗ್ಗೆ ಎದ್ದ ಕೂಡಲೇ ಇವತ್ತು ಅದರಿಂದ ದೂರವಿರುತ್ತೇನೆಂಬ ನಿಶ್ಚಯ. ಮಧ್ಯಾಹ್ನದ ಊಟದ ನಂತರ ಮೊದಲ ಲೆಕ್ಕ, ರಾತ್ರಿ ಊಟದ ನಂತರ ಎರಡನೆಯದು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತ್ರಿಕಾಲ ಜಪ ಹೇಳುವ ಮನೆಯಾದರೆ ಹನ್ನೆರಡರ ಜಪದ ಬೆನ್ನಿಗೇ ಮೊದಲ ಲೆಕ್ಕ ಮುಗಿಸಬಹುದು. ಒಂದು ನಿಮಿಷದ ಕೆಲಸ.

ಸಣ್ಣ ನೋಟ್‌ಬುಕ್ಕಿನಲ್ಲಿ ವಾರಕ್ಕೆ ಏಳು ಜೋಡಿ ಗೆರೆ ಎಳೆಯಿರಿ, ದಿನಕ್ಕೆ ಎರಡು. ಮೇಲಿನ ಗೆರೆ ಎದ್ದಾಗಿನಿಂದ ಮಧ್ಯಾಹ್ನದವರೆಗೆ, ಕೆಳಗಿನದು ಅಲ್ಲಿಂದ ರಾತ್ರಿಯವರೆಗೆ. ಜಾರಿದಷ್ಟು ಸಲ ಒಂದೊಂದು ಚುಕ್ಕೆ. ಜಾರಿದ ಕ್ಷಣಕ್ಕೇ ಎದೆಯ ಮೇಲೆ ಕೈ ಇಟ್ಟುಕೊಳ್ಳಿ ಎಂದೂ ಅವರು ಹೇಳಿದ್ದಾರೆ. ನಾಲ್ಕು ಜನರ ನಡುವೆ ಇದ್ದರೂ ಯಾರಿಗೂ ತಿಳಿಯದು. ರಾತ್ರಿ ಮೇಲಿನ ಗೆರೆಯನ್ನು ಕೆಳಗಿನದರೊಂದಿಗೆ, ಇವತ್ತನ್ನು ನಿನ್ನೆಯೊಂದಿಗೆ, ವಾರವನ್ನು ಹಿಂದಿನ ವಾರದೊಂದಿಗೆ ಹೋಲಿಸಬೇಕು.

ಇಲ್ಲಿ ‘ಸಿಟ್ಟು’ ಎಂದು ಬರೆದರೆ ಉಪಯೋಗವಿಲ್ಲ. ‘ಸಂಜೆ ಮಗನಿಗೆ ಲೆಕ್ಕ ಹೇಳಿಕೊಡುವಾಗ ಕೂಗುವುದು’ ಎಂದು ಬರೆಯಿರಿ. ‘ಸುಳ್ಳು’ ಬೇಡ, ‘ಸಂಘದ ಕಂತು ಕಟ್ಟಿದ್ದೇನೆಂದು ಗಂಡನಿಗೆ ಹೇಳಿ ಆ ದುಡ್ಡನ್ನು ಬೇರೆ ಖರ್ಚಿಗೆ ಹಾಕುವುದು’. ಎಣಿಸಲು ಬರುವಷ್ಟು ಸಣ್ಣದಾಗಬೇಕು. ಮೊದಲ ವಾರ ಚುಕ್ಕೆ ಹೆಚ್ಚಾದರೆ ಗಾಬರಿ ಬೇಡ, ತಪ್ಪು ಹೆಚ್ಚಿಲ್ಲ, ಕಣ್ಣಿಗೆ ಬೀಳುವುದು ಹೆಚ್ಚಿದೆ. ಎರಡು ಮೂರು ವಾರವಾದರೂ ದೋಷ ಬದಲಿಸಬೇಡಿ. ಪುಸ್ತಕದ ಮೇಲೆ ದೋಷದ ಹೆಸರು ಬರೆಯುವುದೂ ಬೇಡ. ಯಾರ ಕೈಗಾದರೂ ಸಿಕ್ಕರೆ ಹಾಲಿನ ಲೆಕ್ಕ ಅಂದುಕೊಳ್ಳಲಿ.

ಚುಕ್ಕೆಗಳು ಯಾವ ಗೆರೆಯಲ್ಲಿ ಗುಂಪಾಗಿವೆ ಎಂದೂ ನೋಡಿ. ಎಲ್ಲವೂ ಕೆಳಗಿನ ಗೆರೆಯಲ್ಲೇ ಇದ್ದರೆ ದಣಿವಿನ ಪಾಲೂ ಇದೆ. ಲೆಕ್ಕದ ಪಾಠವನ್ನು ಬೆಳಿಗ್ಗೆಗೆ ಹಾಕಿ ನೋಡಿ.

ನನಗೆ ಹತ್ತು ನಿಮಿಷ ಸಾಲದು, ಒಂದು ಗಂಟೆಯಾದರೂ ಮುಗಿಯುವುದಿಲ್ಲ. ಚರ್ಚಿನ ಗುರುಗಳ ಮುಂದೆ ಮಾಡಿದ ಹಳೆಯ ಪಾಪ ನಿವೇದನೆ ಸರಿಯಾಗಿತ್ತೋ ಇಲ್ಲವೋ ಎಂದು ಮತ್ತೆ ಮತ್ತೆ ಹೋಗಿ ಹೇಳುತ್ತೇನೆ. — ಯುವಕ, ಮಡಿಕೇರಿ

ನಿಮಗೆ ನಮ್ಮ ಸಲಹೆ ಬೇರೆಯವರಿಗೆ ಕೊಟ್ಟದ್ದಕ್ಕೆ ತದ್ವಿರುದ್ಧ: ಕಡಿಮೆ ಮಾಡಿ. ಚುಕ್ಕೆ ಹಾಕುವ ಕ್ರಮ ನಿಮಗೆ ಬೇಡವೇ ಬೇಡ. ಐದು ನಿಮಿಷಕ್ಕೆ ಅಲಾರಂ ಇಟ್ಟು, ಮೂರು ನಿಮಿಷ ಕೃತಜ್ಞತೆಗೆ ಕೊಟ್ಟು, ಅಲಾರಂ ಹೊಡೆದಾಗ ಎಲ್ಲಿದ್ದೀರೋ ಅಲ್ಲಿಗೇ ನಿಲ್ಲಿಸಿ ಏಳಬೇಕು.

ಅತಿಶಂಕೆಯ ಈ ಕಾಯಿಲೆಯನ್ನು ಇಗ್ನೇಷಿಯಸರೇ ಅನುಭವಿಸಿದ್ದರು. 1522ರಲ್ಲಿ ಸ್ಪೇನಿನ ಮಾನ್ಸೆರಾತ್‌ನಲ್ಲಿ ತಮ್ಮ ಇಡೀ ಬದುಕಿನ ಪಾಪಗಳನ್ನು ಬರೆದು ಮೂರು ದಿನ ನಿವೇದಿಸಿದ್ದರೂ ಮಾನ್ರೇಸಾ ಪಟ್ಟಣಕ್ಕೆ ಹೋದಮೇಲೆ ಏನೋ ಬಿಟ್ಟುಹೋಗಿದೆ ಎಂಬ ಸಂಕಟ ತಿಂಗಳುಗಟ್ಟಲೆ ಕಾಡಿತು. ಸ್ಪಷ್ಟವಾಗಿ ಕಾಣುವುದನ್ನು ಮಾತ್ರ ಹೇಳು ಎಂದು ಗುರುಗಳು ಹೇಳಿದರೆ, ಅವರಿಗೆ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿತ್ತು! ಹಳೆಯದನ್ನು ಇನ್ನು ನಿವೇದಿಸುವುದೇ ಇಲ್ಲ ಎಂದು ನಿಶ್ಚಯಿಸಿದ ಮೇಲೆ ಅವರಿಗೆ ಬಿಡುಗಡೆ ಸಿಕ್ಕಿತು.

ನೀವು ಒಬ್ಬರೇ ಗುರುಗಳ ಬಳಿ ಹೋಗಿ. ಚರ್ಚಿನಿಂದ ಚರ್ಚಿಗೆ ಅಲೆದರೆ ಪ್ರತಿಯೊಬ್ಬರಿಗೂ ಕಥೆ ಮೊದಲಿನಿಂದ ಹೇಳಬೇಕಾಗುತ್ತದೆ, ಶಂಕೆಗೆ ಅದೇ ಮೇವು. ಅವರು ‘ಇದನ್ನು ಮತ್ತೆ ಹೇಳಬೇಡ’ ಎಂದರೆ ಹೇಳಬೇಡಿ. ಬೀಗ ಹಾಕಿದ್ದೇನೋ ಇಲ್ಲವೋ ಎಂದು ಹತ್ತು ಸಲ ನೋಡುವುದು, ಕೈ ತೊಳೆದಷ್ಟೂ ಸಾಲದೆನಿಸುವುದು ಇತ್ಯಾದಿ ಕೂಡ ಇದ್ದರೆ ಮನೋವೈದ್ಯರನ್ನು ಕಾಣಿರಿ. ಅದಕ್ಕೆ ಔಷಧಿಯಿದೆ. ಜ್ವರಕ್ಕೆ ಮಾತ್ರೆ ನುಂಗುವುದು ಅವಿಶ್ವಾಸವಲ್ಲ ಎಂದಾದರೆ ಇದೂ ಅಲ್ಲ.

ದಿನವೂ ಕ್ಷಮೆ ಕೇಳಿದಮೇಲೆ ಪಾಪ ನಿವೇದನೆಗೆ ಯಾಕೆ ಹೋಗಬೇಕು? — ಸುಂಟಿಕೊಪ್ಪ

ಲಘು ಪಾಪಗಳಿಗೆ ಮನಃಪೂರ್ವಕ ಪಶ್ಚಾತ್ತಾಪದಿಂದ ಕ್ಷಮೆ ಸಿಗುತ್ತದೆ. ಅವನ್ನು ನಿವೇದಿಸುವುದು ಕಡ್ಡಾಯವಲ್ಲ, ಆದರೆ ಧರ್ಮಸಭೆ ಒತ್ತಿ ಸಲಹೆ ಮಾಡುತ್ತದೆ. ಮಾರಕ ಪಾಪದ, ಅಂದರೆ ತಿಳಿದೂ ಬೇಕೆಂದೇ ಮಾಡಿದ ಗಂಭೀರ ಪಾಪದ, ಮಾತು ಬೇರೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 988ನೇ ನಿಯಮದಂತೆ ನೆನಪಿಗೆ ಬಂದ ಪ್ರತಿ ಮಾರಕ ಪಾಪವನ್ನೂ ಅದು ಯಾವ ಬಗೆಯದು, ಎಷ್ಟು ಸಲ ಎಂದು ಹೇಳಬೇಕು. 989ರಂತೆ ವರ್ಷಕ್ಕೆ ಒಮ್ಮೆಯಾದರೂ. ದೇವರ ಮೇಲಿನ ಪ್ರೀತಿಯಿಂದಲೇ ಹುಟ್ಟಿದ ಪೂರ್ಣ ಪಶ್ಚಾತ್ತಾಪವಿದ್ದರೆ ಅದಕ್ಕೂ ಕ್ಷಮೆ ಉಂಟು, ಆದರೆ ಆದಷ್ಟು ಬೇಗ ನಿವೇದನೆಗೆ ಹೋಗುವ ದೃಢ ನಿರ್ಧಾರ ಅದರೊಳಗೇ ಇರಬೇಕು.

ನಮ್ಮ ಕಡೆ ಕಾಫಿ, ಮೆಣಸು ಮುಗಿಯುವ ಮೊದಲೇ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ ಬಂದಿರುತ್ತದೆ. ನಿವೇದನೆಯನ್ನು ಅದರ ಕೊನೆಯ ಪವಿತ್ರ ವಾರಕ್ಕೆ ತಳ್ಳಿ, ಉದ್ದನೆಯ ಸಾಲಿನಲ್ಲಿ ನಿಂತು, ವರ್ಷದ್ದನ್ನೆಲ್ಲ ಅಲ್ಲೇ ನೆನಪಿಸಿಕೊಳ್ಳಲು ಪರದಾಡುವವರು ಬಹಳ. ದಿನವೂ ಹತ್ತು ನಿಮಿಷ ಕುಳಿತವರಿಗೆ ಆ ಕಷ್ಟವಿಲ್ಲ. ಮರೆವಿನವರು ಚೀಟಿಯಲ್ಲಿ ಬರೆದುಕೊಳ್ಳಲಿ, ಬಂದಮೇಲೆ ಒಲೆಗೆ ಹಾಕಲಿ.

ಮಕ್ಕಳಿಗೆ ಯಾವಾಗ, ಹೇಗೆ ಕಲಿಸಬೇಕು? — ದಂಪತಿ, ಸೋಮವಾರಪೇಟೆ

ಪೂಜೆಯಲ್ಲಿ ಮೊದಲ ಸಲ ಪರಮ ಪ್ರಸಾದ ಸ್ವೀಕರಿಸಲು ತಯಾರಾಗುವ ವಯಸ್ಸಿನಲ್ಲಿ ಶುರು ಮಾಡಬಹುದು. ಸಂಜೆ ಜಪಸರ (ರೋಜರಿ) ಮುಗಿದ ಮೇಲೆ ಎರಡು ನಿಮಿಷ ಸಾಕು. ‘ಇವತ್ತು ಯಾವುದಕ್ಕೆ ದೇವರಿಗೆ ವಂದನೆ?’ ಎಂಬುದನ್ನು ಎಲ್ಲರೂ ಜೋರಾಗಿ ಹೇಳಲಿ, ಅಪ್ಪ ಅಮ್ಮನೂ ಸೇರಿ. ‘ಯಾರಿಗೆ ನೋವು ಮಾಡಿದೆ?’ ಎಂಬುದನ್ನು ಮನಸ್ಸಿನಲ್ಲೇ ಉತ್ತರಿಸಲು ಬಿಡಿ. ಆಮೇಲೆ ಪಶ್ಚಾತ್ತಾಪದ ಜಪ ಒಟ್ಟಿಗೆ. ‘ಏನು ತಪ್ಪು ಮಾಡಿದೆ, ಹೇಳು’ ಎಂದು ಮಕ್ಕಳ ಬಾಯಿ ಬಿಡಿಸಬೇಡಿ, ತಂಗಿಯ ತಪ್ಪನ್ನು ಅಣ್ಣ ಹೇಳಲು ಹೊರಟರೆ ಅಲ್ಲೇ ತಡೆಯಿರಿ. ಆ ಎರಡು ನಿಮಿಷದಲ್ಲಿ ಕೇಳಿಬಂದದ್ದಕ್ಕೆ ಮರುದಿನ ಪೆಟ್ಟು ಬಿದ್ದರೆ, ಮೂರನೆಯ ದಿನದಿಂದ ಮಗು ಸುಳ್ಳು ಹೇಳಲು ಕಲಿಯುತ್ತದೆ, ಅದೂ ಪೀಠದ ಮುಂದೆ ಕುಳಿತು.