ನನ್ನ ಹೆಸರಿನಲ್ಲಿ ಪೊಲೀಸ್ ಠಾಣೆಯಲ್ಲಿ ಏನಿದೆ ಎಂದು ತಿಳಿಯುವುದು ಹೇಗೆ?

ನೀವು ಕೇರಳದ ಗಡಿಯಲ್ಲಿರುವ ಮಂಜೇಶ್ವರದ ಕಡೆಯವರು. ಗಲ್ಫಿನ ಒಂದು ಕಂಪೆನಿಯೂ ಮಂಗಳೂರಿನ ಒಂದು ಕಚೇರಿಯೂ ನಿಮ್ಮಿಂದ ‘ಪೊಲೀಸ್ ರಿಪೋರ್ಟ್’ ಕೇಳಿವೆ. ಆರು ವರ್ಷಗಳ ಹಿಂದೆ ಬೈಕ್ ಅಪಘಾತದ ಒಂದು ಕೇಸಿತ್ತು, ಕೋರ್ಟಿನಲ್ಲಿ ದಂಡ ಕಟ್ಟಿ ಮುಗಿಸಿದ್ದೀರಿ. ಆ ಕೇಸು ಈಗಲೂ ದಾಖಲೆಯಲ್ಲಿದೆಯೇ, ಅದನ್ನು ನೋಡುವುದು ಹೇಗೆ, ಮನೆಯ ಮಹಡಿಗೆ ಬಾಡಿಗೆಗೆ ಬರುವವರ ಹಿನ್ನೆಲೆಯನ್ನೂ ಹೀಗೆಯೇ ತಿಳಿಯಬಹುದೇ ಎಂಬುದು ನಿಮ್ಮ ಪ್ರಶ್ನೆ. ನಾನು ಕಾಸರಗೋಡಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ವಕೀಲರ ಗುಮಾಸ್ತನಾಗಿದ್ದೇನೆ. ಇದೇ ಪ್ರಶ್ನೆಯನ್ನು ಹಿಡಿದುಕೊಂಡು ಬರುವವರು ವಾರಕ್ಕೆ ಒಬ್ಬರಾದರೂ ಇರುತ್ತಾರೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲಿಗೆ, ಕಂಪೆನಿಗೋ ಕಚೇರಿಗೋ ಕೊಡಲು ‘ಪೊಲೀಸ್ ರಿಪೋರ್ಟ್’ ಎಂಬ ಹೆಸರಿನ ಕಾಗದವೇ ಇಲ್ಲ. ಕೇಳುವವರು ಸಡಿಲವಾಗಿ ಹಾಗೆ ಕರೆಯುತ್ತಾರೆ, ನಾವು ಅದನ್ನೇ ನಂಬಿ ತಪ್ಪು ಕಚೇರಿಯ ಬಾಗಿಲಿಗೆ ಹೋಗಿ ನಿಲ್ಲುತ್ತೇವೆ. ನನ್ನ ಅಕ್ಕನ ಮಗನಿಗೆ ಕುವೈತಿನಲ್ಲಿ ಕೆಲಸ ನಿಶ್ಚಯವಾದಾಗ ಆದದ್ದೂ ಅದೇ. ಅರ್ಜಿ ಹಾಕಿಕೊಡುವ ಒಂದು ಕೇಂದ್ರದಲ್ಲಿ ‘ಪೊಲೀಸ್ ಸರ್ಟಿಫಿಕೇಟ್ ಬೇಕು’ ಎಂದಷ್ಟೇ ಹೇಳಿದ. ಅವರು ರಾಜ್ಯ ಪೊಲೀಸರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಕೊಟ್ಟರು, ಹಣ ಕಟ್ಟಿ ಆಯಿತು, ಪ್ರಮಾಣಪತ್ರವೂ ಬಂತು. ಆದರೆ ಇದು ವಿದೇಶಕ್ಕೆ ನಡೆಯುವುದಿಲ್ಲ ಎಂದು ಏಜೆನ್ಸಿಯವರು ಅದನ್ನು ಹಿಂದಿರುಗಿಸಿದರು. ಅಷ್ಟರಲ್ಲಿ ಮೂರು ವಾರ ಕಳೆದಿತ್ತು. ಅವನ ತಾಯಿಯ ಆ ದಿನಗಳ ಆತಂಕವನ್ನು ಕಣ್ಣಾರೆ ಕಂಡವನಾದ್ದರಿಂದ, ಯಾರು ಬಂದರೂ ಈಗ ನಾನು ಮೊದಲು ಕೇಳುವುದು, ಈ ಕಾಗದವನ್ನು ಕೇಳಿದವರು ಯಾರು, ಅವರು ಲಿಖಿತವಾಗಿ ಏನೆಂದು ಬರೆದಿದ್ದಾರೆ ಎಂದು.

ವಿದೇಶದ ಉದ್ಯೋಗಕ್ಕೋ ವೀಸಾಕ್ಕೋ ಆದರೆ ಬೇಕಾದದ್ದು ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್, ಅಂದರೆ ಪಿಸಿಸಿ. ಅದನ್ನು ಕೊಡುವುದು ಠಾಣೆಯಲ್ಲ, ಪಾಸ್‌ಪೋರ್ಟ್ ಕಚೇರಿ. ವಿದೇಶದ ಉಪಯೋಗಕ್ಕೆ ಇಂತಹ ಪ್ರಮಾಣಪತ್ರ ಕೊಡುವ ಅಧಿಕಾರ ರಾಜ್ಯ ಪೊಲೀಸರಿಗಿಲ್ಲ ಎಂದು ಹೈಕೋರ್ಟ್ ಹೇಳಿದ ಮೇಲೆ, 2022ರಿಂದ ಕೇರಳ ಪೊಲೀಸರು ಅದನ್ನು ನಿಲ್ಲಿಸಿದ್ದಾರೆ. ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ತುಂಬಿ, 500 ರೂಪಾಯಿ ಶುಲ್ಕ ಕಟ್ಟಿ, ದಿನ ನಿಗದಿ ಮಾಡಿಕೊಂಡು ಮೂಲ ಪಾಸ್‌ಪೋರ್ಟಿನೊಂದಿಗೆ ಹೋಗಬೇಕು. ನಮ್ಮ ಜಿಲ್ಲೆಯವರು ಸಾಮಾನ್ಯವಾಗಿ ಪಯ್ಯನ್ನೂರಿನ ಕೇಂದ್ರಕ್ಕೆ ಹೋಗುತ್ತಾರೆ. 2022ರ ಸೆಪ್ಟೆಂಬರ್ ಕೊನೆಯಿಂದ ಅಂಚೆ ಕಚೇರಿಗಳಲ್ಲಿರುವ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿಯೂ ಪಿಸಿಸಿಗೆ ದಿನ ಸಿಗುವ ವ್ಯವಸ್ಥೆ ಬಂದಿರುವುದರಿಂದ, ಅರ್ಜಿ ತುಂಬುವಾಗ ಹತ್ತಿರದಲ್ಲಿ ಎಲ್ಲಿ ಬೇಗ ದಿನ ಸಿಗುತ್ತದೆ ಎಂದು ನೋಡಿಕೊಳ್ಳಿ. ಅರ್ಜಿ ಅಲ್ಲಿಂದ ಪರಿಶೀಲನೆಗೆ ನಿಮ್ಮ ಊರಿನ ಪೊಲೀಸರಿಗೆ ಬರುತ್ತದೆ, ಅಲ್ಲಿ ನಿಮ್ಮ ಹಳೆಯ ಕೇಸು ಮೇಲೆ ಬರುತ್ತದೆ. ಪರಿಶೀಲನೆಗೆ ಬಂದವರಿಗೆ ಯಾವ ಹಣವನ್ನೂ ಕೊಡಬೇಕಾಗಿಲ್ಲ.

ಊರೊಳಗಿನ ಉಪಯೋಗಕ್ಕೆ ಕೇರಳ ಪೊಲೀಸರು ಕೊಡುವುದು ‘ಅಪರಾಧಗಳಲ್ಲಿ ಭಾಗಿಯಾಗಿಲ್ಲ’ ಎಂಬ ಪ್ರಮಾಣಪತ್ರ. ಇದಕ್ಕೆ ಅವರ ‘ತುಣ’ ಜಾಲತಾಣದಲ್ಲಿ ಅಥವಾ ಫೋನಿನ ‘ಪೊಲ್-ಆ್ಯಪ್’ ಮೂಲಕ ಅರ್ಜಿ ಹಾಕಬಹುದು. ಫೋನಿನಲ್ಲಿ ಮಾಡಲು ಕಷ್ಟವಾದರೆ ಅಕ್ಷಯ ಕೇಂದ್ರದಲ್ಲಿ, ಅಂದರೆ ಕೇರಳ ಸರಕಾರದ ಆನ್‌ಲೈನ್ ಸೇವಾ ಕೇಂದ್ರದಲ್ಲಿ ಮಾಡಿಸಿ, ಆದರೆ ‘ಉದ್ದೇಶ’ ಎಂಬ ಕಡೆ ಏನು ತುಂಬಿದ್ದಾರೆ ಎಂದು ಪರದೆಯಲ್ಲಿ ನೀವೇ ನೋಡಿ. ಮಂಗಳೂರಿನ ಕಚೇರಿಯವರಿಂದ ಯಾವ ಪ್ರಮಾಣಪತ್ರ, ಯಾವ ಕಾರಣಕ್ಕೆ ಎಂದು ಒಂದು ಪತ್ರ ಬರೆಸಿಕೊಂಡು ಅರ್ಜಿಗೆ ಲಗತ್ತಿಸಿ. ನೀವು ಓದಿಗೋ ಕೆಲಸಕ್ಕೋ ಮಂಗಳೂರಿನಲ್ಲಿ ಬಾಡಿಗೆಗೆ ಇದ್ದವರಾದರೆ, ಅಲ್ಲಿನ ವಾಸಕ್ಕೆ ಸಂಬಂಧಿಸಿದ ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ಕರ್ನಾಟಕದ ಸೇವಾ ಸಿಂಧು ಜಾಲತಾಣದಲ್ಲಿ ಬೇರೆಯೇ ಅರ್ಜಿ ಹಾಕಬೇಕು. ಗಡಿಯ ಊರಾದ ತಲಪಾಡಿಯ ಆಚೆ ಈಚೆ ನಮಗೆ ಒಂದೇ ಊರಿನಂತೆ ಕಂಡರೂ, ಪೊಲೀಸ್ ಪ್ರಮಾಣಪತ್ರದ ಮಟ್ಟಿಗೆ ಅವು ಎರಡು ರಾಜ್ಯಗಳು.

ಇನ್ನು ನಿಮ್ಮ ಹಳೆಯ ಕೇಸಿನ ವಿಷಯ. ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು ‘ದಂಡ ಕಟ್ಟಿ ಮುಗಿಸಿದ್ದೇನೆ’ ಎಂಬ ಮಾತು. ನನ್ನ ಅಕ್ಕನ ಮಗನೂ ಇದನ್ನೇ ಹೇಳಿದ್ದ: “ಮಾವ, ಅದು ಪೆಟ್ಟಿ ಕೇಸು, ದಂಡ ಕಟ್ಟಿ ಆಗಿದೆ.” ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 279ನೇ ಕಲಮಿನಲ್ಲಿ, ಅಂದರೆ ಅಜಾಗರೂಕ ಚಾಲನೆಗೆ, ಆರು ತಿಂಗಳವರೆಗೆ ಸಜೆ ಅಥವಾ 1000 ರೂಪಾಯಿವರೆಗೆ ದಂಡ ಅಥವಾ ಎರಡೂ ಇದ್ದುವು. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಕೇಸು ಮುಗಿಯುತ್ತದೆ ನಿಜ, ಆದರೆ ಅದು ಮುಗಿಯುವುದು ಅಪರಾಧ ಸಾಬೀತಾದ ಕೇಸಾಗಿ. ಖುಲಾಸೆ ಬೇರೆ, ದಂಡ ಕಟ್ಟುವುದು ಬೇರೆ. ಇದನ್ನು ಯಾರೂ ಆ ಹುಡುಗನಿಗೆ ಬಿಡಿಸಿ ಹೇಳಿರಲಿಲ್ಲ. ಕಾಗದ ಮಲಯಾಳದಲ್ಲಿತ್ತು, ಅವನು ಓದಿದ್ದು ಹತ್ತನೆಯವರೆಗೂ ಕನ್ನಡ ಮಾಧ್ಯಮದಲ್ಲಿ. ತೋರಿಸಿದ ಜಾಗದಲ್ಲಿ ಸಹಿ ಹಾಕಿ ಬಂದಿದ್ದ. ನಮ್ಮ ಕಡೆಯ ಎಷ್ಟೋ ಮಕ್ಕಳು ಹೀಗೆಯೇ ಸಹಿ ಹಾಕಿ ಬರುವುದನ್ನು ನೋಡುವಾಗ ನನಗೆ ಸಂಕಟವಾಗುತ್ತದೆ. ಆದ್ದರಿಂದ ನೀವು ತುಂಬುವ ಯಾವುದಾದರೂ ಅರ್ಜಿಯಲ್ಲಿ ‘ಹಿಂದೆ ಶಿಕ್ಷೆಯಾಗಿದೆಯೇ’ ಎಂಬ ಪ್ರಶ್ನೆ ಇದ್ದರೆ, ತೀರ್ಪಿನ ನಕಲನ್ನು ನೋಡದೆ ‘ಇಲ್ಲ’ ಎಂದು ಬರೆಯಬೇಡಿ. ಅಪಘಾತಕ್ಕೆ ದಂಡ ಕಟ್ಟಿದ ವಿವರವನ್ನು ನೇರವಾಗಿ ಬರೆದು ತೀರ್ಪಿನ ನಕಲು ಇಟ್ಟರೆ ವಿವರಣೆ ಕೊಡಲು ದಾರಿ ಇರುತ್ತದೆ, ಮುಚ್ಚಿಟ್ಟದ್ದು ಆಮೇಲೆ ಹೊರಬಂದರೆ ಆ ದಾರಿಯೂ ಮುಚ್ಚುತ್ತದೆ.

ಅವನ ವಿಷಯದಲ್ಲಿ ಇನ್ನೊಂದು ತೊಡಕೂ ಇತ್ತು. ಕೋರ್ಟಿನಲ್ಲಿ ಕೇಸು ಮುಗಿದು ಎರಡು ವರ್ಷವಾಗಿದ್ದರೂ ಠಾಣೆಯ ದಾಖಲೆಯಲ್ಲಿ ಅದು ವಿಚಾರಣೆಯಲ್ಲಿದೆ ಎಂದೇ ಉಳಿದಿತ್ತು. ತೀರ್ಪಿನ ದೃಢೀಕೃತ ನಕಲನ್ನು ತೆಗೆಸಿ, ಒಂದು ಅರ್ಜಿಯೊಂದಿಗೆ ಠಾಣೆಗೆ ಕೊಟ್ಟು, ಅರ್ಜಿಯ ಪ್ರತಿಯಲ್ಲಿ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡ ಮೇಲೆ ಅದು ಸರಿಯಾಯಿತು. ನೀವು ಈ ಕೆಲಸವನ್ನು ಪಿಸಿಸಿಗೆ ಅರ್ಜಿ ಹಾಕುವ ಮೊದಲೇ ಮಾಡಿಕೊಳ್ಳಿ.

ಅದಕ್ಕೆ ಬೇಕಾದದ್ದು ಎರಡು ನಂಬರುಗಳು. ಒಂದು ಠಾಣೆಯ ಕ್ರೈಂ ನಂಬರ್, ಇದು ಎಫ್‌ಐಆರಿನಲ್ಲಿರುತ್ತದೆ. ಇನ್ನೊಂದು ಕೋರ್ಟಿನ ನಂಬರ್, ಸಿ.ಸಿ. ಅಥವಾ ಎಸ್.ಟಿ. ಎಂದು ಆರಂಭವಾಗುತ್ತದೆ. ಇವೆರಡು ಬೇರೆ ಬೇರೆ ಎಂದು ತಿಳಿಯದೆ ಠಾಣೆಯಲ್ಲಿ ಕೋರ್ಟಿನ ನಂಬರನ್ನೂ ಕೋರ್ಟಿನಲ್ಲಿ ಕ್ರೈಂ ನಂಬರನ್ನೂ ಹೇಳಿ ಅಲೆದವರು ಬಹಳ ಮಂದಿ. ಎಫ್‌ಐಆರ್ ದಾಖಲಾದ 24 ಗಂಟೆಯೊಳಗೆ ಅದನ್ನು ಜಾಲತಾಣದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರ್ 7ರಂದು ಆದೇಶಿಸಿದೆ. ಲೈಂಗಿಕ ಅಪರಾಧ, ಭಯೋತ್ಪಾದನೆಯಂತಹ ಸೂಕ್ಷ್ಮ ಪ್ರಕರಣಗಳನ್ನು ಮಾತ್ರ ಹೊರಗಿಟ್ಟಿದೆ. ಆದ್ದರಿಂದ ತುಣದಲ್ಲಿ ಜಿಲ್ಲೆ, ಠಾಣೆ, ದಿನಾಂಕ ಕೊಟ್ಟು ಹುಡುಕಿ ನೋಡಿ. ಕೋರ್ಟಿನ ನಂಬರಿಗೆ ಇ-ಕೋರ್ಟ್ಸ್ ಜಾಲತಾಣವಿದೆ, ಅಲ್ಲಿ ಕಕ್ಷಿದಾರರ ಹೆಸರು ಮತ್ತು ವರ್ಷದಿಂದಲೂ, ಎಫ್‌ಐಆರ್ ನಂಬರಿನಿಂದಲೂ ಹುಡುಕಬಹುದು.

ಹೆಸರಿನಿಂದ ಹುಡುಕುವಾಗ ನಮ್ಮ ಗಡಿನಾಡಿನ ಒಂದು ಕಷ್ಟ ಎದುರಾಗುತ್ತದೆ. ಶಾಲೆಯ ದಾಖಲೆಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ಣ ಹೆಸರು, ಆಧಾರಿನಲ್ಲಿ ಮನೆಯ ಹೆಸರು ಎಂದು ಒಬ್ಬನೇ ಮನುಷ್ಯ ಮೂರು ಬಗೆಯಲ್ಲಿ ಇರುತ್ತಾನೆ. ಕನ್ನಡದಲ್ಲಿ ಹೇಳಿದ ಹೆಸರನ್ನು ಮಲಯಾಳದಲ್ಲಿ ಬರೆದುಕೊಂಡು ಆಮೇಲೆ ಇಂಗ್ಲಿಷಿಗೆ ಟೈಪ್ ಮಾಡುವಾಗ ಅಕ್ಷರಗಳು ಇನ್ನಷ್ಟು ಬದಲಾಗುತ್ತವೆ. ಕುಂಬಳೆ ಎಂಬ ಊರನ್ನೇ ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯುತ್ತಾರೆ ಎಂದು ನೋಡಿದರೆ ಗೊತ್ತಾಗುತ್ತದೆ. ಎಲ್ಲ ರೂಪಗಳಲ್ಲಿಯೂ ಹುಡುಕಿ, ತಂದೆಯ ಹೆಸರು ಮತ್ತು ದಿನಾಂಕ ತಾಳೆಯಾದರೆ ಮಾತ್ರ ನಿಮ್ಮದೆಂದು ತಿಳಿಯಿರಿ.

ಜಾಲತಾಣದಲ್ಲಿ ಏನೂ ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆಯ ಅರ್ಜಿ ಇದೆ. ಜಿಲ್ಲಾ ಪೊಲೀಸ್ ಕಚೇರಿಯ ಮಾಹಿತಿ ಅಧಿಕಾರಿಗೆ, 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿ ಬರೆಯಬೇಕು. ‘ನನ್ನ ಎಲ್ಲ ಪೊಲೀಸ್ ದಾಖಲೆ ಕೊಡಿ’ ಎಂದು ಬರೆದರೆ ಪ್ರಯೋಜನವಿಲ್ಲ. ಇಂಥ ಠಾಣೆಯಲ್ಲಿ, ಇಂಥ ವರ್ಷದಿಂದ ಇಂಥ ವರ್ಷದವರೆಗೆ, ಇಂಥವರ ಮಗನಾದ ಇಂಥ ವಿಳಾಸದ ನನ್ನ ಮೇಲೆ ದಾಖಲಾದ ಕೇಸುಗಳ ಕ್ರೈಂ ನಂಬರ್, ಕಲಮುಗಳು, ಕೋರ್ಟಿನ ಹೆಸರು ಮತ್ತು ಈಗಿನ ಸ್ಥಿತಿಯನ್ನು ತಿಳಿಸಬೇಕು ಎಂದು ಬರೆಯಿರಿ, ಗುರುತಿನ ಚೀಟಿಯ ಪ್ರತಿಯನ್ನೂ ಇಡಿ. ತನಿಖೆಗೆ ಅಡ್ಡಿಯಾಗುವ ಮಾಹಿತಿಯನ್ನು ಅವರು ನಿರಾಕರಿಸಬಹುದು, ಮುಗಿದ ಕೇಸಿಗೆ ಆ ಕಾರಣ ಅನ್ವಯಿಸುವುದಿಲ್ಲ. 30 ದಿನಗಳೊಳಗೆ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನಗಳಲ್ಲಿ ಮೊದಲ ಮೇಲ್ಮನವಿ.

ಈ ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಿರಿ. ಕೇರಳದ ಅಧಿಕೃತ ಭಾಷಾ ಕಾನೂನಿನ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ಕನ್ನಡಿಗರು ಕನ್ನಡದಲ್ಲಿ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ‘ಉತ್ತರವನ್ನು ಕನ್ನಡದಲ್ಲಿ ಕೊಡಬೇಕು’ ಎಂಬ ಒಂದು ಸಾಲನ್ನು ನಾನು ಪ್ರತಿ ಅರ್ಜಿಯ ಕೊನೆಗೂ ಬರೆಯುತ್ತೇನೆ. ತುರ್ತಾಗಿದ್ದರೆ ಜೊತೆಗೆ ಇಂಗ್ಲಿಷ್ ಪ್ರತಿಯೊಂದನ್ನು ಇಡುವುದರಲ್ಲಿ ತಪ್ಪಿಲ್ಲ. ಕೇಳದೆ ಬಿಟ್ಟರೆ ಮಾತ್ರ ಇರುವ ಹಕ್ಕೂ ಬಳಕೆ ತಪ್ಪಿಹೋಗುತ್ತದೆ.

ಬಾಡಿಗೆಯವರ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಇನ್ನೊಬ್ಬರ ಪೊಲೀಸ್ ದಾಖಲೆಯನ್ನು ನೀವು ಕೇಳಿದರೆ ಅದು ಅವರ ವೈಯಕ್ತಿಕ ಮಾಹಿತಿ ಎಂದು ನಿರಾಕರಿಸುತ್ತಾರೆ, ಹಾಗೆ ನಿರಾಕರಿಸುವುದೇ ಸರಿ. ಪರಿಚಯದ ಪೊಲೀಸರ ಮೂಲಕ ಗುಟ್ಟಾಗಿ ತಿಳಿದುಕೊಳ್ಳಲು ಹೋಗಬೇಡಿ. ಬಾಡಿಗೆಗೆ ಬರುವವರಿಗೇ ಪ್ರಮಾಣಪತ್ರ ತರಲು ಹೇಳಿ. ಅದು ಮರ್ಯಾದೆಯ ದಾರಿ. ಇ-ಕೋರ್ಟ್ಸ್ ಎಲ್ಲರಿಗೂ ತೆರೆದದ್ದೇ, ಆದರೆ ಚಂದ್ರಶೇಖರ, ಅಬ್ದುಲ್ ರಹ್ಮಾನ್‌ನಂತಹ ಹೆಸರು ಹಾಕಿದರೆ ಬರುವ ಪಟ್ಟಿಯಲ್ಲಿ ನಿಮ್ಮ ಎದುರು ನಿಂತವನು ಯಾರೆಂದು ತಿಳಿಯುವುದಿಲ್ಲ. ಕೇಸು ನಡೆಯುತ್ತಿರುವವನು ಅಪರಾಧಿಯೂ ಅಲ್ಲ.

ಆದ್ದರಿಂದ ನೀವು ಮೊದಲು ತುಣದಲ್ಲಿ ಎಫ್‌ಐಆರ್ ಹುಡುಕಿ, ಅದರಿಂದ ಕೋರ್ಟಿನ ನಂಬರ್ ಕಂಡುಕೊಂಡು, ಕಾಸರಗೋಡಿನ ವಿದ್ಯಾನಗರದ ಕೋರ್ಟಿನಲ್ಲಿ ತೀರ್ಪಿನ ನಕಲಿಗೆ ಅರ್ಜಿ ಹಾಕಿ. ಸಣ್ಣ ಕೇಸುಗಳ ಕಡತಗಳನ್ನು ಅವಧಿ ಮುಗಿದ ಮೇಲೆ ನಾಶಮಾಡುವ ಕ್ರಮವಿರುವುದರಿಂದ ತಡಮಾಡಬೇಡಿ, ಒಂದರ ಬದಲು ಎರಡು ನಕಲು ತೆಗೆಸಿ, ಒಂದನ್ನು ಮನೆಯಲ್ಲಿಡಿ. ನಂಬರ್ ಸಿಕ್ಕಿದ ಮೇಲೆ, ಹೆಸರು ವಿಳಾಸ ಯಾವುದನ್ನೂ ಹಾಕದೆ, ಯಾವ ವರ್ಷದ ಯಾವ ಬಗೆಯ ನಂಬರ್ ಎಂದಷ್ಟೇ ಇಲ್ಲಿ ತಿಳಿಸಿ. ನಕಲು ಅರ್ಜಿಯ ಒಕ್ಕಣೆಯನ್ನೂ ಠಾಣೆಗೆ ಕೊಡುವ ಪತ್ರವನ್ನೂ ಕನ್ನಡದಲ್ಲಿ ಬರೆದು ಕೆಳಗೆ ಹಾಕುತ್ತೇನೆ.