ಲೇಸರ್ ಕಿರಣದ ದಿಕ್ಕು ಎಷ್ಟು ಸ್ಥಿರವಾಗಿದೆ ಎಂದು ಅಳೆಯುವುದು ಹೇಗೆ?

ದೂರದ ಗೋಡೆಯ ಮೇಲೆ ಚುಕ್ಕೆ ಎಷ್ಟು ಅಲುಗುತ್ತದೆಂದು ನೋಡಿದರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ಕಿರಣ ಇದ್ದಂತೆಯೇ ಪಕ್ಕಕ್ಕೆ ಸರಿದರೂ ಚುಕ್ಕೆ ಸರಿಯುತ್ತದೆ, ಕೋನ ಬದಲಾದರೂ ಸರಿಯುತ್ತದೆ. ನಿಮಗೆ ಬೇಕಾದದ್ದು ಕೋನ ಮಾತ್ರ.

ಅದಕ್ಕೆ ಒಂದು ಪೀನ ಮಸೂರ ಬೇಕು. ಕ್ಯಾಮೆರಾದ ಸೆನ್ಸರನ್ನು ಸರಿಯಾಗಿ ಅದರ ಸಂಗಮದೂರದಲ್ಲಿಡಿ. ಸಮಾನಾಂತರ ಕಿರಣಗಳೆಲ್ಲ ಅಲ್ಲಿ ಒಂದೇ ಬಿಂದುವಿಗೆ ಬರುವುದರಿಂದ ಪಕ್ಕದ ಸರಿತ ಕಾಣುವುದಿಲ್ಲ, ಕೋನದ ಬದಲಾವಣೆಯಷ್ಟೇ ಕಾಣುತ್ತದೆ. ಚುಕ್ಕೆ ಸರಿದ ದೂರವನ್ನು ಸಂಗಮದೂರದಿಂದ ಭಾಗಿಸಿದರೆ ಕೋನ ಸಿಕ್ಕಿತು: 500 ಮಿ.ಮೀ. ಮಸೂರದಲ್ಲಿ 5 ಮೈಕ್ರಾನ್ ಸರಿದರೆ 10 ಮೈಕ್ರೋರೇಡಿಯನ್ (ಕೋನದ ಅಳತೆಯಾದ ರೇಡಿಯನ್‌ನ ಹತ್ತು ಲಕ್ಷದಲ್ಲೊಂದು ಭಾಗವೇ ಒಂದು ಮೈಕ್ರೋರೇಡಿಯನ್).

ಪ್ರತಿ ಫ್ರೇಮಿನಲ್ಲೂ ಚುಕ್ಕೆಯ ತೀವ್ರತಾ ಕೇಂದ್ರವನ್ನು (ಅದರ ಬೆಳಕಿನ ಸರಾಸರಿ ಸ್ಥಾನ) ಲೆಕ್ಕಹಾಕಿ, ಆ ಕೇಂದ್ರಗಳ ಮಾನಕ ವಿಚಲನೆಯನ್ನು, ಅಂದರೆ ಅವು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆಯನ್ನು, ಅಡ್ಡಕ್ಕೂ ಉದ್ದಕ್ಕೂ ಬೇರೆಬೇರೆಯಾಗಿ ತೆಗೆಯಿರಿ. ಮೊದಲು ಹಿನ್ನೆಲೆ ಬೆಳಕನ್ನು ಕಳೆಯಲೇಬೇಕು, ಪಿಕ್ಸೆಲ್‌ಗಳು ಸ್ಯಾಚುರೇಟ್ ಆಗಿರಬಾರದು, ಅಂದರೆ ಬೆಳಕು ಅವು ಅಳೆಯಬಲ್ಲ ಮಿತಿಯನ್ನು ಮುಟ್ಟಿರಬಾರದು.

ಎಷ್ಟು ಹೊತ್ತು ಅಳೆದಿರಿ ಎಂಬುದನ್ನು ಹೇಳದ ಅಂಕಿಗೆ ನನ್ನ ಮಟ್ಟಿಗೆ ಬೆಲೆಯಿಲ್ಲ. ಲೇಸರ್ ಕಿರಣದ ಸ್ಥಿರತೆ ಅಳೆಯುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 11670, 1 ಸೆಕೆಂಡ್, 1 ನಿಮಿಷ, 1 ಗಂಟೆಯ ಅವಧಿಗಳನ್ನು ಬೇರ್ಪಡಿಸುವುದು ಇದೇ ಕಾರಣಕ್ಕೆ. ಕ್ಷಣದ ನಡುಕಕ್ಕೆ ಮೇಜಿನ ಕಂಪನ ಕಾರಣವಿರಬಹುದು, ಗಂಟೆಗಳ ಜಾರುವಿಕೆಗೆ ಸಾಮಾನ್ಯವಾಗಿ ತಾಪ. ಸೆಕೆಂಡಿಗೆ 100 ಫ್ರೇಮಿನ ಕ್ಯಾಮೆರಾ 50 ಹರ್ಟ್ಜ್ ಮೀರಿದ ನಡುಕದ ಆವರ್ತನವನ್ನು ಸರಿಯಾಗಿ ತೋರಿಸಲಾರದು. ಅಲ್ಲಿ ನಾಲ್ಕು ಭಾಗದ ಫೋಟೋಡಯೋಡ್ ಬಳಸಿ; ನಾಲ್ಕು ಭಾಗಗಳಿಗೆ ಬಿದ್ದ ಬೆಳಕಿನ ವ್ಯತ್ಯಾಸದಿಂದ ಚುಕ್ಕೆಯ ಸ್ಥಾನ ತಿಳಿಸುವ ಬೆಳಕಿನ ಸಂವೇದಕ ಅದು.

ಕಿರಣ ಸಾಗುವ ದಾರಿಯನ್ನು ಕೊಳವೆಯಿಂದ ಮುಚ್ಚಿ. ಎಸಿಯ ಗಾಳಿ ತಾಗಿದರೆ ನೀವು ಅಳೆಯುವುದು ಲೇಸರನ್ನಲ್ಲ, ಕೋಣೆಯ ಗಾಳಿಯನ್ನು.